ಬಂದೂಕು ಮುಖಕ್ಕೆ ಬರಲಿ, ಮುಖ ಬಂದೂಕಿಗೆ ಹೋಗದಿರಲಿ

ಹಿಂಗಾರಿ ಜೋಳ ಹಾಲುಗಾಳಿಗೆ ಬಂತೆಂದರೆ ಹೊಲದ ನಡುವೆ ಮಂಚಿಕೆ ಏಳುವುದು ನಮ್ಮ ಮೂಡಲಗಿ, ಗೋಕಾಕ ಕಡೆಯ ಹಳೆಯ ರೂಢಿ. ಅದರ ಮೇಲೆ ಕವಣೆ ಹಿಡಿದು ನಿಂತ ಹುಡುಗನಿಗೆ ಗುಬ್ಬಿ, ಗಿಳಿಗಳನ್ನು ಹಾರಿಸುವ ಕೆಲಸ. ಆ ಕೆಲಸ ಅವನಿಗೆ ಎರಡು ಸಂಗತಿಗಳನ್ನು ಕಲಿಸುತ್ತಿತ್ತು. ಹಕ್ಕಿ ಇರುವ ಜಾಗಕ್ಕೆ ಕಲ್ಲು ಬೀಸಿದರೆ ಕಲ್ಲು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಕ್ಕಿ ಮುಂದೆ ಹೋಗಿರುತ್ತದೆ, ಇದು ಒಂದು. ಕವಣೆ ಪ್ರತಿ ಸಲವೂ ಕೈಯಲ್ಲಿ ಒಂದೇ ಹದಕ್ಕೆ ಕೂಡದಿದ್ದರೆ ಕಲ್ಲು ದಿಕ್ಕುಗೆಡುತ್ತದೆ, ಇದು ಇನ್ನೊಂದು. ಒಲಿಂಪಿಕ್ಸಿನಲ್ಲಿ ನಡೆಯುವ ಒಂದು ಆಟ ಪೂರ್ತಿಯಾಗಿ ಈ ಎರಡು ಸಂಗತಿಗಳ ಮೇಲೆಯೇ ನಿಂತಿದೆ ಎಂದರೆ ಎಷ್ಟೋ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಹಾರುವ ಮಣ್ಣಿನ ಬಿಲ್ಲೆಯನ್ನು ಚರೆ ಬಂದೂಕಿನಿಂದ ಒಡೆಯುವ ಆಟವೇ ಅದು.

2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಸೇನಾಧಿಕಾರಿ ರಾಜ್ಯವರ್ಧನ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್ ವಿಭಾಗದಲ್ಲಿ ಬೆಳ್ಳಿ ಗೆದ್ದರು. ವೈಯಕ್ತಿಕ ಸ್ಪರ್ಧೆಯಲ್ಲಿ ಸ್ವತಂತ್ರ ಭಾರತಕ್ಕೆ ಸಿಕ್ಕ ಮೊದಲ ಬೆಳ್ಳಿ ಅದು. ಅದಕ್ಕೂ ಬಹಳ ಮೊದಲು, 1962ರಲ್ಲಿ, ಕೈರೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಿಕಾನೇರಿನ ಡಾ. ಕರ್ಣಿ ಸಿಂಗ್ ಟ್ರ್ಯಾಪ್ ವಿಭಾಗದ ಬೆಳ್ಳಿ ತಂದಿದ್ದರು. 2006ರಲ್ಲಿ ಮಾನವಜೀತ್ ಸಿಂಗ್ ಸಂಧು ಅದೇ ಟ್ರ್ಯಾಪ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಇವರ ಗುರಿಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಗುರಿಗೂ ಮೊದಲು ಒಂದು ಕೆಲಸವಿದೆ. ಬಂದೂಕನ್ನು ಎತ್ತಿ ಕೆನ್ನೆಗೂ ಹೆಗಲಿಗೂ ಕೂಡಿಸುವುದು. ನೋಡಲು ಅರ್ಧ ಸೆಕೆಂಡಿನ ಕೆಲಸ. ಕಲಿಯಲು ತಿಂಗಳುಗಳೇ ಬೇಕು. ಈ ಲೇಖನ ಆ ಅರ್ಧ ಸೆಕೆಂಡಿನ ಕುರಿತಾದದ್ದು.

ಮಣ್ಣಿಲ್ಲದ ಮಣ್ಣಿನ ಹಕ್ಕಿ

ಇಂಗ್ಲಿಷಿನವರು ಈ ಬಿಲ್ಲೆಯನ್ನು 'ಮಣ್ಣಿನ ಪಾರಿವಾಳ' ಎಂದು ಕರೆಯುತ್ತಾರೆ. ಆ ಹೆಸರಿನ ಹಿಂದೆ ಒಂದು ಕಹಿ ಕಥೆಯಿದೆ. ಮೊದಲು ಈ ಆಟಕ್ಕೆ ನಿಜವಾದ ಪಾರಿವಾಳಗಳೇ ಬಲಿಯಾಗುತ್ತಿದ್ದವು. 1900ರ ಪ್ಯಾರಿಸ್ ಕ್ರೀಡೆಗಳಲ್ಲಿಯೂ ಜೀವಂತ ಪಾರಿವಾಳಗಳನ್ನು ಹಾರಿಸಿ ಹೊಡೆದರು. ಅಷ್ಟರಲ್ಲಾಗಲೇ ಅಮೆರಿಕದಲ್ಲಿ ಬೇರೆ ದಾರಿ ಹುಡುಕಿಯಾಗಿತ್ತು. ಬೊಗಾರ್ಡಸ್ ಎಂಬಾತ ಗಾಜಿನ ಗೋಲಿಗಳನ್ನು ಚಿಮ್ಮಿಸುವ ಯಂತ್ರ ಮಾಡಿದ್ದ. 1880ರ ಸುಮಾರಿಗೆ ಲಿಗೌಸ್ಕಿ ಎಂಬಾತ ತಟ್ಟೆಯಾಕಾರದ ಮಣ್ಣಿನ ಬಿಲ್ಲೆಯನ್ನು ತಂದ. ಗಾಳಿಯಲ್ಲಿ ತಿರುಗುತ್ತ ಹೋಗುವ ತಟ್ಟೆ ಗೋಲಿಗಿಂತ ಹೆಚ್ಚು ನೆಟ್ಟಗೆ, ಹೆಚ್ಚು ದೂರ ಹಾರುತ್ತದೆ. ಬುಗುರಿ ತಿರುಗುವಾಗ ಬೀಳದೆ ನಿಲ್ಲುವುದಕ್ಕೂ ಇದಕ್ಕೂ ಕಾರಣ ಒಂದೇ.

ಇಂದಿನ ಬಿಲ್ಲೆಯಲ್ಲಿ ಮಣ್ಣಿಲ್ಲ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನೊಡನೆ ಕಾಯಿಸಿ ಅಚ್ಚಿಗೆ ಒತ್ತುತ್ತಾರೆ. ಮೂಡಲಗಿ ತಾಲೂಕಿನ ಯಾದವಾಡದ ನೆಲದಲ್ಲಿ ಸಿಮೆಂಟಿಗಾಗಿ ತೆಗೆಯುತ್ತಾರಲ್ಲ, ಅದೇ ಜಾತಿಯ ಕಲ್ಲು. ಬಿಲ್ಲೆಯ ಅಡ್ಡಳತೆ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಯಂತ್ರ ಚಿಮ್ಮಿಸುವ ಪೆಟ್ಟಿಗೆ ಒಡೆಯಬಾರದು, ಒಂದೆರಡು ಚರೆ ತಾಗಿದರೆ ಒಡೆಯಬೇಕು. ಹದ ಅಷ್ಟು ಸೂಕ್ಷ್ಮ.

ನಮ್ಮ ಭಾಗದವರಿಗೆ ಈ ಬದಲಾವಣೆಯ ಅರ್ಥ ಚೆನ್ನಾಗಿ ಆಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಕಾಲವನ್ನು ಮುಗಿಸಿತು. ಧೂಪದಾಳದ ಒಡ್ಡಿನ ಹಿನ್ನೀರಿನ ಸುತ್ತ 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ಹಕ್ಕಿಯನ್ನು ನೋಡುವ ಕಣ್ಣು ನಮ್ಮ ಮಕ್ಕಳಿಗಿರಲಿ, ಹೊಡೆಯುವ ಕೈಗೆ ಸುಣ್ಣಕಲ್ಲಿನ ಬಿಲ್ಲೆ ಸಾಕು.

ಆಟ ಹೇಗೆ?

ಒಲಿಂಪಿಕ್ಸಿನಲ್ಲಿ ಈಗ ಎರಡು ಬಗೆ ಉಳಿದಿವೆ, ಟ್ರ್ಯಾಪ್ ಮತ್ತು ಸ್ಕೀಟ್. ರಾಠೋಡರು ಗೆದ್ದ ಡಬಲ್ ಟ್ರ್ಯಾಪನ್ನು 2016ರ ನಂತರ ಕೈಬಿಟ್ಟರು. ಟ್ರ್ಯಾಪ್‌ನಲ್ಲಿ ಆಟಗಾರನ ಮುಂದೆ 15 ಮೀಟರ್ ದೂರದ ತಗ್ಗಿನಲ್ಲಿ ಯಂತ್ರಗಳಿರುತ್ತವೆ. ಆತ ಕೂಗಿದ ಕೂಡಲೇ ಬಿಲ್ಲೆ ಗಂಟೆಗೆ 100 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಅವನಿಂದ ದೂರಕ್ಕೆ ಓಡುತ್ತದೆ. ಎಡಕ್ಕೋ ಬಲಕ್ಕೋ ಅವನಿಗೆ ಮೊದಲೇ ತಿಳಿಯದು. ಯಾರೂ ಹೊಡೆಯದೆ ಬಿಟ್ಟರೆ ಅದು 76 ಮೀಟರ್ ಹೋಗಿ ಬೀಳುತ್ತದೆ. ನಮ್ಮ ಗೋಕಾಕ ಜಲಪಾತದ 52 ಮೀಟರ್ ಎತ್ತರದ ಸುಮಾರು ಒಂದೂವರೆ ಪಟ್ಟು. ಇಲ್ಲಿ ಬಂದೂಕನ್ನು ಮೊದಲೇ ಹೆಗಲಿಗೆ ಕೂಡಿಸಿಕೊಂಡು ಕೂಗಬಹುದು.

ಸ್ಕೀಟ್‌ನಲ್ಲಿ ಆ ಸೌಕರ್ಯವಿಲ್ಲ. ಎರಡು ಮನೆಗಳಿಂದ ಬಿಲ್ಲೆಗಳು ಅಡ್ಡಲಾಗಿ ಹಾರುತ್ತವೆ. ಆಟಗಾರನ ಅಂಗಿಗೆ ಮೊಣಕೈ ಮಟ್ಟದಲ್ಲಿ ಒಂದು ಪಟ್ಟಿ ಹೊಲಿದಿರುತ್ತದೆ. ಬಿಲ್ಲೆ ಕಣ್ಣಿಗೆ ಬೀಳುವ ತನಕ ಬಂದೂಕಿನ ಹಿಂಬದಿ ಆ ಪಟ್ಟಿಯ ಬಳಿಯೇ ಇರಬೇಕು. ಕೂಗಿದ ಮೇಲೆ ಬಿಲ್ಲೆ ತಕ್ಷಣ ಬರಬಹುದು, 3 ಸೆಕೆಂಡ್ ಕಳೆದೂ ಬರಬಹುದು. ಬಂದ ಮೇಲೆ ಎತ್ತಬೇಕು, ಕೂಡಿಸಬೇಕು, ಹೊಡೆಯಬೇಕು. ಎತ್ತುವ ಕಲೆ ಗೊತ್ತಿಲ್ಲದವನಿಗೆ ಸ್ಕೀಟ್‌ನಲ್ಲಿ ಜಾಗವಿಲ್ಲ. ಎರಡೂ ಆಟಗಳಲ್ಲಿ ಅರ್ಹತಾ ಸುತ್ತಿಗೆ 125 ಬಿಲ್ಲೆಗಳು. ಅಂದರೆ 125 ಸಲವೂ ಬಂದೂಕು ಅದೇ ಜಾಗಕ್ಕೆ ಬರಬೇಕು, ಕೂದಲೆಳೆಯಷ್ಟೂ ಬೇರೆಯಾಗದಂತೆ.

ಕಣ್ಣೇ ಹಿಂದಿನ ಗುರಿ

ಯಾಕೆ ಇಷ್ಟು ಕಟ್ಟುನಿಟ್ಟು? ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಹಿಡಿದ ವಿದ್ಯಾರ್ಥಿಗಳಿಗೆ ಗೊತ್ತಿದೆ, ರೈಫಲ್ಲಿಗೆ ಮುಂದೊಂದು ಗುರಿ, ಹಿಂದೊಂದು ಗುರಿ ಇರುತ್ತವೆ. ಎರಡನ್ನೂ ಒಂದೇ ಗೆರೆಗೆ ತಂದು ಕುದುರೆ ಎಳೆಯಬೇಕು. ಚರೆ ಬಂದೂಕಿಗೆ ನಳಿಕೆಯ ತುದಿಯಲ್ಲಿ ಒಂದು ಸಣ್ಣ ಮಣಿಯಿದೆ, ಗುರಿ ಹೊಂದಿಸುವ ಹಿಂದಿನ ಸಾಧನವಿಲ್ಲ. ಆ ಜಾಗದಲ್ಲಿ ಕೆಲಸ ಮಾಡುವುದು ನಮ್ಮ ಕಣ್ಣು. ಕೆನ್ನೆ ಬಂದೂಕಿನ ಮೇಲೆ ಒಂದೊಂದು ಸಲ ಒಂದೊಂದು ಕಡೆ ಕೂತರೆ ಹಿಂದಿನ ಗುರಿಯೇ ಜಾಗ ಬದಲಿಸಿದಂತೆ.

ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳನ್ನು ನೆನೆಯಿರಿ. ಕಣ್ಣಿನಿಂದ ನಳಿಕೆಯ ತುದಿಗೆ ಸುಮಾರು 1 ಮೀಟರ್, ಬಿಲ್ಲೆಗೆ 35 ಮೀಟರ್ ಎಂದಿಟ್ಟುಕೊಳ್ಳಿ. ಕಣ್ಣು ಇರಬೇಕಾದ ಜಾಗದಿಂದ 3 ಮಿಲಿಮೀಟರ್ ಸರಿದರೆ ಬಿಲ್ಲೆಯ ಬಳಿ ಸುಮಾರು 10 ಸೆಂಟಿಮೀಟರ್ ತಪ್ಪುತ್ತದೆ. ಬಿಲ್ಲೆಯ ಅಗಲವೇ 11 ಸೆಂಟಿಮೀಟರ್! 1 ಸೆಂಟಿಮೀಟರ್ ಸರಿದರೆ 35 ಸೆಂಟಿಮೀಟರ್ ತಪ್ಪು. ತೋಟಾದಲ್ಲಿರುವ 24 ಗ್ರಾಂ ಸೀಸ, ಅಂದರೆ ಸುಮಾರು 300 ಚರೆಗಳು, ಅಷ್ಟು ದೂರದಲ್ಲಿ ಮುಕ್ಕಾಲು ಮೀಟರಿನಷ್ಟು ಅಗಲಕ್ಕೆ ಹರಡಿರುತ್ತವೆ. ಆದ್ದರಿಂದ ಸಣ್ಣ ತಪ್ಪನ್ನು ಅವು ಕ್ಷಮಿಸುತ್ತವೆ. 1 ಸೆಂಟಿಮೀಟರಿನ ತಪ್ಪಿಗೆ ಬಿಲ್ಲೆ ಆ ಹರಡಿನ ಅಂಚಿಗೆ ಬಂದುಬಿಡುತ್ತದೆ, ಒಡೆದರೆ ಅದೃಷ್ಟ. ತಲೆ ಮೇಲೆದ್ದರೆ ಏಟು ಬಿಲ್ಲೆಯ ಮೇಲಿಂದ ಹೋಗುತ್ತದೆ. ಕಣ್ಣು ಪಟ್ಟಿಯ ಎಡಕ್ಕೆ ಸರಿದರೆ ಏಟೂ ಎಡಕ್ಕೆ.

ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದವರಿಗೆ ಶೂನ್ಯ ದೋಷದ ಪಾಠ ನೆನಪಿರಬೇಕು. ಶೂನ್ಯವೇ ಸರಿಯಿಲ್ಲದ ಅಳತೆಗೋಲಿನಿಂದ ನೂರು ಸಲ ಅಳೆದರೂ ಉತ್ತರ ತಪ್ಪೇ. ಬಂದೂಕು ಕೂಡಿಸುವುದೆಂದರೆ ಪ್ರತಿ ಏಟಿಗೂ ಮೊದಲು ಶೂನ್ಯವನ್ನು ಸರಿಮಾಡಿಕೊಳ್ಳುವುದು.

ಒದೆತದ ಲೆಕ್ಕ

ನ್ಯೂಟನ್ನನ ಮೂರನೆಯ ನಿಯಮ ಹೇಳುವಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಸರ್, ಬಂದೂಕು ಒದೀತದಂತಲ್ರೀ, ಹೆಗಲು ಮುರೀತದೇನ್ರಿ?" ಲೆಕ್ಕ ಹಾಕಿ ನೋಡೋಣ. 24 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 9.6 ಘಟಕ. 3.5 ಕಿಲೋ ತೂಕದ ಬಂದೂಕು ಅಷ್ಟೇ ಸಂವೇಗದಿಂದ ಹಿಂದೆ ಬರಬೇಕು. ಅಂದರೆ ಸೆಕೆಂಡಿಗೆ 2.7 ಮೀಟರ್ ವೇಗ. ಮದ್ದಿನ ಅನಿಲ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ಬಂದೂಕಿಗೂ ಹೆಗಲಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟವನಿಗೆ ಬೀಳುವುದು ಆ ವೇಗದ ಗುದ್ದು.

ಅದೇ ಬಂದೂಕು ಹೆಗಲಿಗೆ ಸರಿಯಾಗಿ ಕೂಡಿದ್ದರೆ? ಆಗ ಹಿಂದೆ ಸರಿಯುವುದು 3.5 ಕಿಲೋದ ಬಂದೂಕೊಂದೇ ಅಲ್ಲ, 60 ಕಿಲೋದ ಮನುಷ್ಯನೂ ಜೊತೆಗೂಡುತ್ತಾನೆ. 9.6ನ್ನು 63.5ರಿಂದ ಭಾಗಿಸಿ. ಸೆಕೆಂಡಿಗೆ 15 ಸೆಂಟಿಮೀಟರ್ ಮಾತ್ರ! ನಮ್ಮ ಮೈ ಕಲ್ಲಿನಂತೆ ಗಟ್ಟಿಯಲ್ಲದ್ದರಿಂದ ಲೆಕ್ಕ ಇಷ್ಟು ನೇರವಾಗಿ ಬರದು, ಆದರೆ ಗುದ್ದು ತಳ್ಳಾಗುವುದಂತೂ ನಿಜ. ಕೊರಳೆಲುಬಿನ ಕೆಳಗೆ, ಹೆಗಲ ಕೀಲಿನ ಒಳಬದಿಗೆ ಮೆತ್ತನೆಯ ತಗ್ಗೊಂದಿದೆ. ಬಂದೂಕಿನ ಹಿಂಬದಿ ಕೂಡಬೇಕಾದ ಜಾಗ ಅದು. ತೋಳಿನ ಮೇಲೆ ಇಟ್ಟುಕೊಂಡವನಿಗೆ ಸಂಜೆಗೆ ತೋಳು ನೀಲಿಯಾಗುತ್ತದೆ. ಒಂದು ದಿನ ಪೆಟ್ಟು ತಿಂದವನು ಮರುದಿನ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿ ತಲೆ ಎತ್ತುತ್ತಾನೆ. ಹೆದರಿಕೆ ಅಭ್ಯಾಸವಾದ ಮೇಲೆ ಬಿಡಿಸುವುದು ಕಷ್ಟ. ಹಾಗಾಗಿ ಮೊದಲ ತೋಟಾ ತುಂಬುವ ಮುನ್ನವೇ ಕೂಡಿಸುವುದನ್ನು ಕಲಿಸಬೇಕು.

ಹೆಸರಿನ ಲೆಕ್ಕವೂ ಸ್ವಾರಸ್ಯಕರ. '12 ಬೋರ್' ಎಂದರೆ ಒಂದು ಪೌಂಡ್ ಸೀಸದಿಂದ 12 ಸಮನಾದ ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ಅಗಲದ ನಳಿಕೆ. ಸೀಸದ ಸಾಂದ್ರತೆ 11.34 ಎಂದು ಹಿಡಿದು ಗೋಳದ ಸೂತ್ರ ಹಾಕಿ, ಅಡ್ಡಳತೆ 18.5 ಮಿಲಿಮೀಟರ್ ಬರುತ್ತದೆ. ಪಾಲಕರು ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಬಹುದು.

ಎತ್ತುವ ಕ್ರಮ

ಈಗ ಕ್ರಮಕ್ಕೆ ಬರೋಣ. ಬಲಗೈಯವರಿಗೆ ಹೇಳುತ್ತೇನೆ, ಎಡಗೈಯವರು ತಿರುಗಿಸಿಕೊಳ್ಳಲಿ.

ಕಾಲುಗಳ ನಡುವೆ ಹೆಗಲಿನಷ್ಟು ಅಂತರವಿರಲಿ, ಎಡಗಾಲು ಸ್ವಲ್ಪ ಮುಂದೆ. ಮೈಭಾರ ತುಸು ಮುಂದಿನ ಕಾಲಿನ ಮೇಲೆ. ಹಿಂದಕ್ಕೆ ಬಾಗಿ ನಿಲ್ಲುವುದು ಹೊಸಬರ ಸಾಮಾನ್ಯ ತಪ್ಪು. ಬಂದೂಕಿನ ಭಾರಕ್ಕೆ ಸೊಂಟ ಹಿಂದೆ ಹೋಗುತ್ತದೆ, ಏಟು ಬಿದ್ದಾಗ ಮೈ ತೂಗಾಡುತ್ತದೆ.

ಮೊದಲು ಕಣ್ಣು ಬಿಲ್ಲೆಯನ್ನು ಹಿಡಿಯಬೇಕು. ಆಮೇಲೆ ಎಡಗೈ ನಳಿಕೆಯ ತುದಿಯನ್ನು ಬಿಲ್ಲೆಯ ಕಡೆಗೆ ಒಯ್ಯಬೇಕು. ಎಡಗೈ ತೋರಿಸುವ ಕೈ. ಆಕಾಶದಲ್ಲಿ ಹೋಗುವ ವಿಮಾನವನ್ನು ಮಗುವಿಗೆ ತೋರಿಸುವಾಗ ನಮ್ಮ ತೋರುಬೆರಳು ತಾನಾಗಿಯೇ ಸರಿಯಾದ ಕಡೆ ಹೋಗುವುದಿಲ್ಲವೇ, ಹಾಗೆ. ಎರಡೂ ಕೈ ಕೂಡಿ ಏಳಬೇಕು. ಬಲಗೈ ಅವಸರ ಮಾಡಿದರೆ ತಕ್ಕಡಿಯಂತೆ ಹಿಂಬದಿ ಏರಿ ಮುಂತುದಿ ಇಳಿಯುತ್ತದೆ, ಮತ್ತೆ ಅದನ್ನು ಎತ್ತುವಷ್ಟರಲ್ಲಿ ಬಿಲ್ಲೆ ದೂರವಾಗಿರುತ್ತದೆ.

ಬಂದೂಕು ಮೊದಲು ಮುಟ್ಟಬೇಕಾದದ್ದು ಕೆನ್ನೆಯ ಎಲುಬಿನ ಕೆಳಗೆ. ಕೆನ್ನೆಗೆ ಕೂಡುತ್ತಿದ್ದಂತೆ ಹೆಗಲು ತುಸು ಮುಂದೆ ಬಂದು ಹಿಂಬದಿಯನ್ನು ಎದುರುಗೊಳ್ಳುತ್ತದೆ. ಹೊಸಬರು ಮಾಡುವುದು ಇದಕ್ಕೆ ತಿರುಗಾಮುರುಗಾ. ಬಂದೂಕನ್ನು ಹೆಗಲಿಗೆ ಊರಿಕೊಂಡು ಆಮೇಲೆ ಕೊರಳು ಬಾಗಿಸಿ ಮುಖವನ್ನು ಅದರತ್ತ ಒಯ್ಯುತ್ತಾರೆ. ತಲೆ ಅಲುಗಿತೆಂದರೆ ಕಣ್ಣೂ ಅಲುಗಿತು. ಹಿಡಿದ ಬಿಲ್ಲೆ ಕೈತಪ್ಪಿತು. ಬಂದೂಕು ಮುಖಕ್ಕೆ ಬರಬೇಕು, ಮುಖ ಬಂದೂಕಿಗೆ ಹೋಗಬಾರದು.

ಕುದುರೆ ಎಳೆಯುವಾಗಲೂ ಬಂದೂಕು ನಿಲ್ಲಬಾರದು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅಡ್ಡ ಹೋಗುವ ಬಿಲ್ಲೆ ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ಚರೆ 20 ಮೀಟರ್ ಮುಟ್ಟಲು ಸುಮಾರು 0.06 ಸೆಕೆಂಡ್ ಬೇಕು. ಅಷ್ಟರಲ್ಲಿ ಬಿಲ್ಲೆ ಒಂದೂವರೆ ಮೀಟರ್ ಮುಂದೆ! ಕವಣೆಯ ಹುಡುಗ ಕಲಿತ ಮೊದಲ ಪಾಠ ಇದೇ. ಕೂಡಿಸಿದ ಮೇಲೆ ಬಂದೂಕು ಮತ್ತು ಮೈ ಒಂದಾಗಿ, ಸೊಂಟದಿಂದ ತಿರುಗುತ್ತ, ಬಿಲ್ಲೆಯ ಮುಂದಕ್ಕೆ ಸಾಗುತ್ತಲೇ ಇರಬೇಕು.

ಮನೆಯಲ್ಲೇ ಮಾಡುವ ಪರೀಕ್ಷೆ

ನಮ್ಮ ಎರಡು ಕಣ್ಣುಗಳಲ್ಲಿ ಒಂದು ಯಜಮಾನ. ಯಾವುದೆಂದು ಈಗಲೇ ನೋಡಿಕೊಳ್ಳಿ. ಎರಡೂ ಅಂಗೈ ಚಾಚಿ ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ಗೋಡೆಯ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ಯಜಮಾನ ಕಣ್ಣು. ಬಲಗೈಯವರಿಗೆ ಎಡಗಣ್ಣು ಯಜಮಾನನಾಗಿರುವುದು ಅಪರೂಪವೇನಲ್ಲ. ಅಂಥವರು ಎಷ್ಟು ಅಂದವಾಗಿ ಕೂಡಿಸಿದರೂ ಏಟು ತಪ್ಪುತ್ತದೆ. ತರಬೇತುದಾರರು ಅವರಿಗೆ ಎಡಹೆಗಲಿನಿಂದ ಕಲಿಸುತ್ತಾರೆ, ಇಲ್ಲವೇ ಎಡಗಣ್ಣಿನ ಕನ್ನಡಕಕ್ಕೆ ಸಣ್ಣ ಚುಕ್ಕೆ ಅಂಟಿಸುತ್ತಾರೆ. ಮಗು ದಡ್ಡ ಎನ್ನುವ ಮೊದಲು ಈ ಪರೀಕ್ಷೆ ಮಾಡಿ.

ಎತ್ತುವ ಕ್ರಮವನ್ನೂ ಬಂದೂಕಿಲ್ಲದೆ ಕಲಿಯಬಹುದು. ಮೀಟರುದ್ದದ ಬಿದಿರು ಕೋಲು, ಎದುರಿಗೊಂದು ಕನ್ನಡಿ ಸಾಕು. ನಿಧಾನವಾಗಿ ಇಪ್ಪತ್ತು ಸಲ. ಕೈ ಸೋತರೆ ನಿಲ್ಲಿಸಿ, ಸೋತ ಕೈ ತಪ್ಪನ್ನೇ ಕಲಿಯುತ್ತದೆ. ಕಣ್ಣು ಮುಚ್ಚಿ ಎತ್ತಿ, ಕೂಡಿಸಿದ ಮೇಲೆ ತೆರೆಯಿರಿ. ಕೋಲು ಬಲಗಣ್ಣಿನ ನೇರ ಕೆಳಗಿದ್ದರೆ ಪಾಸು. ಒಮ್ಮೆ ಹಾರಿಸಿದ ತೋಟಾ, ಒಡೆದ ಬಿಲ್ಲೆ ತಿರುಗಿ ಬಾರವು, ಅವಕ್ಕೆ ದುಡ್ಡು ಬೇಕು. ಈ ಅಭ್ಯಾಸಕ್ಕೆ ಬಿಡಿಗಾಸೂ ಬೇಡ. ಹಳ್ಳಿಯ ಮಗುವಿಗೂ ಪಟ್ಟಣದ ಮಗುವಿಗೂ ಇಲ್ಲಿ ಭೇದವಿಲ್ಲ.

ಪಾಲಕರಿಗೆ ಎರಡು ಮಾತು

ನಿಜವಾದ ಬಂದೂಕಿನ ಮಾತು ಬೇರೆ. ಆಯುಧದ ಜೊತೆ ಕಾನೂನು ಬರುತ್ತದೆ. ಮೂಡಲಗಿಯ ನೆರೆಯ ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆನೆಂದು ಬ್ರಿಟಿಷರ ವಿರುದ್ಧ ನಿಂತು ಪ್ರಾಣ ಕೊಟ್ಟವರು. ಕೊಡಗಿನಲ್ಲಿ ಕೈಲ್‌ಪೋದ್ ಹಬ್ಬಕ್ಕೆ ಕೋವಿ ಪೂಜಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಂದಿಗೂ ನಡೆಯುತ್ತದೆ. ಅಲ್ಲಿನ ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯೂ ಇದೆ. ಉಳಿದ ನಮಗೆಲ್ಲ 1959ರ ಶಸ್ತ್ರಾಸ್ತ್ರ ಕಾಯಿದೆಯೇ ಗತಿ. 21 ವರ್ಷ ತುಂಬದವರಿಗೆ ಪರವಾನಗಿಯಿಲ್ಲ. ಕಿರಿಯರು ನಿಯಮಕ್ಕೊಳಪಟ್ಟು, ಮಾನ್ಯತೆ ಪಡೆದ ಕ್ಲಬ್ಬಿನಲ್ಲಿ, ತರಬೇತಿಗಾಗಿ ಮಾತ್ರ ಹಿಡಿಯಬಹುದು. ಮದುವೆ ಮೆರವಣಿಗೆಯ ಬಂದೂಕನ್ನಾಗಲಿ, ಹೊಲ ಕಾಯುವ ಬಂದೂಕನ್ನಾಗಲಿ ಮಗುವಿನ ಕೈಗೆ ಕೊಟ್ಟು "ಹೊಡಿ ನೋಡೋಣ" ಎನ್ನುವ ಹಿರಿಯರು ಮಗುವಿನ ಹೆಗಲನ್ನೂ ಕೆಡಿಸುತ್ತಾರೆ, ಜೀವವನ್ನೂ ಪಣಕ್ಕಿಡುತ್ತಾರೆ. ದೊಡ್ಡವರ ಅಳತೆಯ ಬಂದೂಕು ಮಕ್ಕಳ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಹೇಗೋ ಹೊಂದಿಸಿಕೊಂಡು ಕಲಿತ ತಪ್ಪು ಮುಂದೆ ಅಳತೆಯ ಬಂದೂಕು ಸಿಕ್ಕರೂ ಬಿಡದು.

ದಾರಿ ನೇರವಾಗಿದೆ. ಶಾಲೆ, ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಶಿಸ್ತು ಕಲಿಯಲಿ. ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಸೇನೆಯಿಂದ ನಿವೃತ್ತರಾದವರಿದ್ದಾರೆ; ನಳಿಕೆಯನ್ನು ಯಾರ ಕಡೆಗೂ ತಿರುಗಿಸಬಾರದು, ಖಾಲಿಯಿದೆ ಎಂದು ಯಾರ ಮಾತಿನ ಮೇಲೂ ನಂಬಬಾರದು ಎಂಬ ಪಾಠವನ್ನು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಆಸಕ್ತಿ ಉಳಿದರೆ ರಾಜ್ಯ ರೈಫಲ್ ಸಂಸ್ಥೆಯ ಮಾನ್ಯತೆಯುಳ್ಳ ಕ್ಲಬ್. ರಾಷ್ಟ್ರೀಯ ಸಂಸ್ಥೆ 1951ರಿಂದ ಇದೆ. ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರರ ಹೆಸರಿನ ಸ್ಪರ್ಧೆ ಹೊಸಬರಿಗೆ ಬಾಗಿಲು. ಮೈದಾನದಲ್ಲಿ ಕಿವಿಗೆ, ಕಣ್ಣಿಗೆ ರಕ್ಷಣೆ ಕಡ್ಡಾಯ, ಒಂದು ಏಟಿನ ಸದ್ದು 140 ಡೆಸಿಬೆಲ್ ದಾಟುತ್ತದೆ. ಸೀಸ ವಿಷ, ಕೈ ತೊಳೆಯದೆ ತಿಂಡಿ ಮುಟ್ಟುವಂತಿಲ್ಲ.

ಹೆಣ್ಣುಮಕ್ಕಳ ಪಾಲಕರಿಗೆ ಇನ್ನೊಂದು ಮಾತು. 1992ರ ಬಾರ್ಸಿಲೋನಾದಲ್ಲಿ ಸ್ಕೀಟ್ ಗಂಡು ಹೆಣ್ಣು ಕೂಡಿ ಆಡುವ ಸ್ಪರ್ಧೆಯಾಗಿತ್ತು. ಚೀನಾದ ಜಾಂಗ್ ಶಾನ್ ಎಂಬ ಯುವತಿ ಗಂಡಸರನ್ನೆಲ್ಲ ಹಿಂದೆ ಹಾಕಿ ಚಿನ್ನ ಗೆದ್ದಳು. ಈ ಆಟ ತೋಳ್ಬಲದ್ದಲ್ಲ, ಹದದ್ದು.

ಆ ಹದಕ್ಕೆ ಎಷ್ಟು ಬೆಲೆ? 2024ರ ಪ್ಯಾರಿಸ್‌ನಲ್ಲಿ ಮಹೇಶ್ವರಿ ಚೌಹಾನ್ ಮತ್ತು ಅನಂತಜೀತ್ ಸಿಂಗ್ ನರೂಕಾ ಮಿಶ್ರ ಸ್ಕೀಟ್ ಕಂಚಿನ ಪಂದ್ಯದಲ್ಲಿ ಚೀನಾದ ಎದುರು 43-44ರಿಂದ ಸೋತರು. ಒಂದೇ ಒಂದು ಬಿಲ್ಲೆ! ಆ ಮಟ್ಟದಲ್ಲಿ ಉಳಿಯುವುದು ಇಷ್ಟೇ ಅಂತರ.

ನಮ್ಮಲ್ಲಿ ಮಗು ಯಾವುದಕ್ಕೆ ಸೇರಿದರೂ ಮೊದಲ ವಾರವೇ "ಎಷ್ಟು ಬಂತು?" ಎಂದು ಕೇಳುವ ರೂಢಿಯಿದೆ. ಅಂಕ ಕೇಳಿದರೆ ಮಗು ಅಂಕಕ್ಕಾಗಿ ಹೊಡೆಯುತ್ತದೆ. ತಲೆ ಎತ್ತಿ ಬಿಲ್ಲೆ ಒಡೆಯಿತೇ ಎಂದು ನೋಡುತ್ತದೆ. ಕೆನ್ನೆ ಬಂದೂಕಿನಿಂದ ಏಳುತ್ತದೆ. ಬಿಲ್ಲೆ ಒಡೆಯದೆ ಹೋಗುತ್ತದೆ. ಕೆಲವು ತಿಂಗಳಾದರೂ ಬೇರೆ ಪ್ರಶ್ನೆ ಕೇಳಿ: "ಇವತ್ತು ಎಷ್ಟು ಸಲ ಸರಿಯಾಗಿ ಕೂಡಿಸಿದಿ?" ಬಂದೂಕಿರಲಿ, ಲೇಖನಿಯಿರಲಿ, ತಬಲಾ ಇರಲಿ, ಮೊದಲು ಕಲಿಯಬೇಕಾದದ್ದು ಅದನ್ನು ಹಿಡಿಯುವುದನ್ನು. ಅದು ಸರಿಯಾದರೆ ಬಿಲ್ಲೆಗಳು ತಾವಾಗಿ ಒಡೆಯುತ್ತವೆ.